ಕಣ್ಣಿಗೆ ಸೂಜಿ, ಕೈಯಲ್ಲಿ ಎರಡು ಪಾಟಿ

ಕಣ್ಣಿನೊಳಗೆ ಸೂಜಿ ಹಾಕಬೇಕೆಂದು ಡಾಕ್ಟರು ಹೇಳಿದ ದಿನ ನನ್ನ ಮಗ ಮತ್ತು ಮಗಳು ಜಗಳವಾಡಿದರು. ಸೂಜಿಯ ಸಲುವಾಗಿ ಅಲ್ಲ, ನಾನು ಇನ್ನು ಮುಂದೆ ಯಾವುದರಲ್ಲಿ ಓದಬೇಕು ಎಂಬುದರ ಸಲುವಾಗಿ. ಮಗ ಮಲ್ಲು ಬಣ್ಣದ ಟ್ಯಾಬ್ಲೆಟ್ ಅಂದ. ಮಗಳು ಸುವರ್ಣಾ ಇ-ಇಂಕ್ ರೀಡರ್ ಅಂದಳು, ಪುಸ್ತಕ ಓದಲೆಂದೇ ಮಾಡಿದ ಬೂದು ಪರದೆಯದು. ಅವನು ನಾಸಿಕ್‌ನಲ್ಲಿ, ಅವಳು ಸಂಭಾಜಿನಗರದಲ್ಲಿ ನನ್ನ ಪಕ್ಕದಲ್ಲೇ, ಅವನ ದನಿ ಹೊರಡುವ ಫೋನು ನನ್ನ ತೊಡೆಯ ಮೇಲೆ. ಕಣ್ಣು ಯಾರದು ಎಂಬುದು ಇಬ್ಬರಿಗೂ ಮರೆತುಹೋಗಿತ್ತು.

ಈಗ ಓದುತ್ತಿದ್ದೇನೆ. ದಿನಾ ನಾಲ್ಕು ಗಂಟೆಗೆ, ಹನ್ನೆರಡು ಹೆಣ್ಣುಮಕ್ಕಳ ನಡುವೆ ಕೂತು, ದನಿ ಎತ್ತಿ ಓದುತ್ತಿದ್ದೇನೆ. ಈ ಸಂತೋಷ ಹೊಟ್ಟೆಯಲ್ಲಿ ಹಿಡಿಸದೆ ಬರೆಯಲು ಕೂತೆ. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತಿದ್ದೇನೆ, ಒಂದು ಹಾಳೆಗೆ ಆರೇ ಸಾಲು ಹಿಡಿಯುತ್ತವೆ. ಸಕ್ಕರೆ ಕಾಯಿಲೆಯಿಂದ ಅಕ್ಷರಗಳು ಓಡಾಡಲು ಹತ್ತಿದವರು, ಅದನ್ನು ಮನೆಯಲ್ಲಿ ಹೇಳದೆ ಮುಚ್ಚಿಟ್ಟವರು ಎಲ್ಲಿಯಾದರೂ ಇದ್ದರೆ ಇದು ಅವರಿಗೆ.

ನಾವು ಮುದ್ದೇಬಿಹಾಳದ ಕಡೆಯವರು. ಯಜಮಾನರು ಗೌಂಡಿ ಕೆಲಸದವರು, ನಾನು ಇಟ್ಟಿಗೆ ಹೊರುವವಳು. ನಾಸಿಕ್‌ನ ಸಾತಪುರದಲ್ಲಿ ಕಾರ್ಖಾನೆಗಳು ಏಳುವಾಗ ತಗಡಿನ ಶೆಡ್ಡುಗಳಲ್ಲಿ ಇದ್ದೆವು. ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಕನ್ನಡ ಓದಲು ಬರುತ್ತಿದ್ದದ್ದು ನನಗೊಬ್ಬಳಿಗೆ. ಊರಿನಿಂದ ಬಂದ ಪತ್ರ ಓದಿ ಹೇಳುತ್ತಿದ್ದೆ. ಶ್ರಾವಣ ಬಂದರೆ ಊರ ಮಠದಿಂದ ತಂದ ಹಳೇ ಪುರಾಣದ ಪುಸ್ತಕ ಇಟ್ಟುಕೊಂಡು ದಿನಕ್ಕೊಂದು ಅಧ್ಯಾಯ ಓದುತ್ತಿದ್ದೆ. ಇಪ್ಪತ್ತೊಂದು ಅಧ್ಯಾಯ, ಇಪ್ಪತ್ತೊಂದು ದಿನ. ಶೆಡ್ಡು ಹೋಗಿ ಗಟ್ಟಿ ಮನೆ ಬಂತು, ಯಜಮಾನರು ತೀರಿಕೊಂಡರು, ಮಲ್ಲು ಕಾರ್ಖಾನೆಗೆ ಸೇರಿದ. ಓದು ಮಾತ್ರ ಒಂದು ವರ್ಷವೂ ನಿಂತಿರಲಿಲ್ಲ. ನಮ್ಮ ಓಣಿಯಲ್ಲಿ ನನಗೆ ಇರುವ ಮರ್ಯಾದೆ ಅದೊಂದರಿಂದಲೇ.

ಹಾಗಿರುವಾಗ ಬಲಗಣ್ಣಿನಲ್ಲಿ ಅಕ್ಷರ ಬಾಗತೊಡಗಿದವು. ಸಾಲಿನ ನಡುವೆ ಒಂದು ಬೂದು ಕಲೆ. ಕನ್ನಡಕ ಒರೆಸಿದೆ. ಟ್ಯೂಬ್‌ಲೈಟ್ ಸರಿಯಿಲ್ಲವೆಂದು ಮಲ್ಲುವಿಗೆ ಬೈದು ಹೊಸದು ಹಾಕಿಸಿದೆ. ಎಡಗಣ್ಣೂ ಅದೇ ದಾರಿ ಹಿಡಿದಾಗ ಗಾಬರಿಯಾಯಿತು, ಆದರೆ ಬಾಯಿ ಬಿಡಲಿಲ್ಲ. ಅಷ್ಟು ವರ್ಷ ಓದಿದ್ದು ಬಾಯಿಪಾಠವಾಗಿತ್ತಲ್ಲ. ಪುಸ್ತಕ ಎದುರಿಗಿಟ್ಟುಕೊಂಡು, ಸಾಲಿನ ಮೇಲೆ ಬೆರಳು ಓಡಿಸುತ್ತ, ನೆನಪಿನಿಂದ ಒಂದು ಶ್ರಾವಣ ದಾಟಿಸಿದೆ. ಮರುವರ್ಷವೂ ಹಾಗೆಯೇ ಶುರು ಮಾಡಿದೆ.

ಸಿಕ್ಕಿಬಿದ್ದದ್ದು ಮೊಮ್ಮಗಳ ಕೈಗೆ. ಸುವರ್ಣಾ ತಮ್ಮನಿಗೆ ರಾಖಿ ಕಟ್ಟಲು ಮಗಳು ಗೌರಿಯನ್ನು ಕರೆದುಕೊಂಡು ಬಂದಿದ್ದಳು. ಗೌರಿಗೆ ಹನ್ನೆರಡು ವರ್ಷ. ಮರಾಠಿ ಸಾಲೆ, ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಒಂದಕ್ಷರ ಬಾರದು. ಓದು ಮುಗಿದು ಹೆಣ್ಣುಮಕ್ಕಳೆಲ್ಲ ಹೋದ ಮೇಲೆ ನನ್ನ ಪಕ್ಕ ಬಂದು ಕೂತಳು.

"ಅಜ್ಜಿ, ನೀ ಪಾನ ತಿರುಗಿಸಲೇ ಇಲ್ಲ."

"ಏನ ಪಾನ?"

"ಪುಸ್ತಕದ್ದು. ಇಡೀ ಅಧ್ಯಾಯ ಒಂದೇ ಪಾನ ಮ್ಯಾಲ ಓದಿದಿ. ನಾ ನೋಡಾಕತ್ತಿದ್ದೆ."

ಸುಮ್ಮನಿರು ಅಂದೆ. ಸುಮ್ಮನಿರುವ ಪೈಕಿ ಅಲ್ಲ ಅದು. ಅಡಿಗೆಮನೆಗೆ ಹೋಗಿ ತಾಯಿಗೆ ಹೇಳಿತು. ಸುವರ್ಣಾ ಚಪಾತಿಯ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ನನ್ನ ಎದುರಿಗೆ ಎರಡು ಬೆರಳು ಹಿಡಿದು ಎಷ್ಟು ಅಂದಳು. ಎರಡು ಅಂದೆ. ಬೆರಳು ಕಂಡವು, ಅವಳ ಮುಖ ಕಾಣಲಿಲ್ಲ. ಅದನ್ನು ಹೇಳಿದ್ದೇ ತಪ್ಪಾಯಿತು, ಸುವರ್ಣಾ ಅಳತೊಡಗಿದಳು.

ಮರುದಿನವೇ ನನ್ನ ಬ್ಯಾಗು ತುಂಬಿದಳು. ಮಲ್ಲುವಿಗೆ ಸಿಟ್ಟು.

"ನಾಸಿಕದಾಗ ದವಾಖಾನಿ ಇಲ್ಲೇನು?"

"ಭಾಳ ಅದಾವ. ಕರ್ಕೊಂಡು ಹೋಗಾವರಿಲ್ಲ."

"ಶಿಫ್ಟ್ ಇರತೈತಿ ನಂದು."

"ಅದಕ್ಕ ಅಂದೆ."

ನಾನು ಉಳಿದ ಅಧ್ಯಾಯಗಳು ಮುಗಿಯುವವರೆಗೆ ಬರುವುದಿಲ್ಲ ಎಂದು ಹಟ ಹಿಡಿದೆ. ಮುಗಿದ ಮರುದಿನವೇ ಬಂದು ಎಸ್.ಟಿ. ಬಸ್ಸಿನಲ್ಲಿ ಕೂರಿಸಿಕೊಂಡು ಹೋದಳು. ಯೇವಲಾ, ವೈಜಾಪುರ ದಾಟಿ ಸಂಭಾಜಿನಗರ ಮುಟ್ಟಿದೆವು.

ಕಣ್ಣಿನ ದವಾಖಾನೆಯ ಕಾಯುವ ಕೋಣೆ ಎಂದರೆ ಒಂದು ವಿಚಿತ್ರ ಜಾಗ. ಹತ್ತು ಹತ್ತು ನಿಮಿಷಕ್ಕೆ ಬಂದು ಹನಿ ಹಾಕುತ್ತಾರೆ, ಕಣ್ಣು ಮುಚ್ಚಿಕೊಂಡಿರಿ ಅನ್ನುತ್ತಾರೆ. ನಲವತ್ತು ಜನ ಕಣ್ಣು ಮುಚ್ಚಿ ಸಾಲಾಗಿ ಕೂತಿರುತ್ತೇವೆ, ಗೋಡೆಯ ಮೇಲೆ ಟಿವಿ ಮಾತ್ರ ನಡೆದಿರುತ್ತದೆ, ನೋಡುವವರು ಒಬ್ಬರೂ ಇಲ್ಲ. ಯಾರ ಹೆಸರು ಕರೆದರೂ ಎಲ್ಲರೂ ಒಂದೇ ಸಲ ಕಣ್ಣು ತೆರೆಯುತ್ತಾರೆ.

ಡಾಕ್ಟರು ಇನ್ನೂ ಹುಡುಗಿ. ಚೌಕಳಿ ಗೆರೆಗಳ ಒಂದು ಹಾಳೆ ತೋರಿಸಿ ಗೆರೆ ನೇರ ಇವೆಯೇ ಎಂದು ಮರಾಠಿಯಲ್ಲಿ ಕೇಳಿದಳು. ತೂಗುಗುಂಡು ಇಳಿಬಿಟ್ಟು ನೋಡದೆ ಕಟ್ಟಿದ ಗೋಡೆಯ ಹಾಗೆ ಕಾಣುತ್ತಿದೆ, ನಮ್ಮ ಯಜಮಾನರಾಗಿದ್ದರೆ ಕೆಡವಿಸಿ ಮತ್ತೆ ಕಟ್ಟಿಸುತ್ತಿದ್ದರು ಅಂದೆ. ಅವಳು ನಕ್ಕಳು, ಆಮೇಲೆ ನಗುವುದನ್ನು ನಿಲ್ಲಿಸಿ ಸುವರ್ಣಾಳ ಕಡೆ ತಿರುಗಿ ಮಾತಾಡಿದಳು. ನನ್ನ ಕಣ್ಣಿನ ಮಾತನ್ನು ನನ್ನ ಮಗಳಿಗೆ ಹೇಳುವುದು ನನಗೆ ಸರಿ ಬರಲಿಲ್ಲ. ನನಗೆ ಹೇಳ್ರಿ ಅಂದೆ. ಆಗ ಕುರ್ಚಿ ನನ್ನ ಹತ್ತಿರಕ್ಕೆ ಎಳೆದುಕೊಂಡಳು. ಸಕ್ಕರೆ ಕಣ್ಣಿನ ಒಳಗಿನ ಪರದೆಗೆ ಇಳಿದಿದೆ. ತಿಂಗಳಿಗೊಂದು ಸೂಜಿ ಕಣ್ಣಿನೊಳಗೇ ಹಾಕಬೇಕು. ಹೋದ ದೃಷ್ಟಿ ಎಷ್ಟು ಬರುತ್ತದೋ ಹೇಳಲಾಗದು, ಇರುವುದನ್ನು ಹಿಡಿದಿಡೋಣ.

"ಮುಂದಿನ ಶ್ರಾವಣಕ್ಕೆ ಓದಲು ಬರುತ್ತದೆಯೇ?" ಎಂದು ಕೇಳಿದೆ.

"ದೊಡ್ಡ ಅಕ್ಷರ ಇದ್ದರೆ ಬರಬಹುದು. ಯಾವುದರಲ್ಲಿ ಸುಖವಾಗುತ್ತದೋ ಅದರಲ್ಲಿ ಓದಿ" ಅಂದಳು.

ಅದೊಂದು ಮಾತು ನನ್ನ ಮನೆಗೆ ಬೆಂಕಿ ಹಚ್ಚಿತು. ಯಾವುದರಲ್ಲಿ?

ಮೊದಲನೇ ಸೂಜಿಯ ದಿನ ಎಲ್ಲರೂ ಏನೂ ಆಗುವುದಿಲ್ಲ ಅಂದರು. ಅಳಿಯ ಅಂದ, ಮಲ್ಲು ಫೋನಿನಲ್ಲಿ ಅಂದ, ಬಾಗಿಲಲ್ಲಿದ್ದ ವಾಚ್‌ಮನ್ ಕೂಡ ಅಂದ. ಏನೂ ಆಗುವುದಿಲ್ಲ ಅನ್ನುವವರಲ್ಲಿ ಒಬ್ಬರೂ ಕಣ್ಣಿಗೆ ಸೂಜಿ ಹಾಕಿಸಿಕೊಂಡವರಲ್ಲ. ನನ್ನ ಪಕ್ಕ ವೈಜಾಪುರದ ಒಬ್ಬ ಮುದುಕಿ ಕಣ್ಣು ಮುಚ್ಚಿ ಕೂತಿದ್ದಳು. "ಕಿತವೀ ಸೂಯಿ?" ಎಷ್ಟನೇ ಸೂಜಿ ಎಂದು ಕೇಳಿದಳು. ಮೊದಲನೆಯದು ಅಂದೆ. ತನ್ನದು ಐದನೆಯದು ಅಂದಳು. ಕೈ ಚಾಚಿ ತಡಕಾಡಿ ನನ್ನ ಮುಂಗೈ ಹಿಡಿದು ಹೇಳಿದಳು, ಸೂಜಿ ಗೊತ್ತೇ ಆಗುವುದಿಲ್ಲ, ರೆಪ್ಪೆ ಮುಚ್ಚದಂತೆ ಒಂದು ಕ್ಲಿಪ್ಪು ಹಾಕುತ್ತಾರಲ್ಲ, ಅದು ಜೀವ ತೆಗೆಯುತ್ತದೆ, ಆಗ ಮನೆಯ ಮೊಮ್ಮಕ್ಕಳ ಹೆಸರು ಎಣಿಸುತ್ತ ಹೋಗು. ಅದು ನಿಜವಾಗಿತ್ತು. ನನಗಿರುವುದು ಒಬ್ಬಳೇ ಮೊಮ್ಮಗಳು. ಗೌರಿ, ಗೌರಿ, ಗೌರಿ ಎಂದು ಹತ್ತು ಸಲ ಅಂದೆ, ಮುಗಿಯಿತು ಅಂದರು.

ಹೊರಗೆ ಬಂದರೆ ಕಣ್ಣಿಗೆ ಪಟ್ಟಿ. ಇನ್ನೊಂದು ಕಣ್ಣಿನಿಂದ ನೋಡಿದೆ, ನನ್ನನ್ನು ಹಿಡಿದುಕೊಳ್ಳಲು ಬಂದ ಸುವರ್ಣಾ ಬೆಂಚಿನ ಮೇಲೆ ಮಲಗಿದ್ದಳು. ಒಳಗೆ ನಡೆಯುವುದನ್ನು ತೋರಿಸುವ ಟಿವಿಯಲ್ಲಿ ನನ್ನ ಕಣ್ಣು ನೋಡಿ ತಲೆ ಸುತ್ತಿತಂತೆ. ನನಗಾಗಿ ತಂದಿಟ್ಟ ಚಹಾ ನರ್ಸ್‌ಬಾಯಿ ಅವಳಿಗೆ ಕುಡಿಸಿದರು. ನಾನು ನಿಂತುಕೊಂಡು ಅವಳ ಬೆನ್ನು ಸವರಿದೆ.

ಎರಡನೇ ಸೂಜಿಯ ಹೊತ್ತಿಗೆ ಮಲ್ಲು ಟ್ಯಾಬ್ಲೆಟ್ ತಂದಿದ್ದ, ಸುವರ್ಣಾ ಇ-ಇಂಕ್ ರೀಡರ್ ತಂದಿದ್ದಳು. ಅವಳು ಒಂದು ಸಾಲೆಯಲ್ಲಿ ಕ್ಲಾರ್ಕು, ಅಲ್ಲಿಯ ಇಂಗ್ಲಿಷ್ ಮಾಸ್ತರರು ಅದರಲ್ಲೇ ಓದುವುದನ್ನು ನೋಡಿದ್ದಳು. ಎರಡೂ ನನ್ನ ಕಣ್ಣಿಗೆ ಪಾಟಿಯ ಹಾಗೆಯೇ ಕಂಡವು, ಸಣ್ಣವಳಿದ್ದಾಗ ಬಳಪ ಹಿಡಿದು ಬರೆದ ಪಾಟಿ. ಒಂದು ಬಣ್ಣದ ಪಾಟಿ, ಒಂದು ಬೂದು ಪಾಟಿ.

"ಅದು ಕಣ್ಣಿಗೆ ಕುಕ್ಕತೈತಿ. ಇದು ಕಾಗದ ಇದ್ದಂಗ" ಎಂದು ಇವಳು.

"ಅವ್ವಗ ಕಾಗದ ಕಾಣಂಗಿಲ್ಲ ಅಂತನ ಇಷ್ಟೆಲ್ಲಾ ನಡದೈತಿ. ಮತ್ತ ಕಾಗದ ಇದ್ದಂಗಿಂದು ತಂದಾಳ ಶ್ಯಾಣ್ಯಾಕಿ" ಎಂದು ಅವನು.

"ನಿನ್ನದರಾಗ ಅವ್ವ ಸೀರಿಯಲ್ ನೋಡ್ಲಿ. ಓದೂದು ಇದರಾಗ."

"ನಿನ್ನದರಾಗ ಏನೈತಿ? ಬಣ್ಣ ಇಲ್ಲ, ಸುಣ್ಣ ಇಲ್ಲ."

ಪುರಾಣಕ್ಕೆ ಯಾವ ಬಣ್ಣ ಬೇಕು ಎಂದು ನಾನು ಕೇಳಿದ್ದು ಯಾರಿಗೂ ಕೇಳಿಸಲಿಲ್ಲ. ಎರಡು ಮೂರು ತಿಂಗಳು ಇದೇ ಗೋಳು. ಸಂಭಾಜಿನಗರಕ್ಕೆ ಹೋದರೆ ಬಣ್ಣದ ಪಾಟಿಯ ನಿಂದೆ, ನಾಸಿಕ್‌ಗೆ ಬಂದರೆ ಬೂದು ಪಾಟಿಯ ನಿಂದೆ. ಕಣ್ಣು ಹೇಗಿದೆ ಎಂದು ಮೊದಲು ಕೇಳುವವರು ಗೌರಿಯನ್ನು ಬಿಟ್ಟರೆ ಯಾರೂ ಉಳಿಯಲಿಲ್ಲ.

ಬಣ್ಣದ್ದನ್ನು ಮೊದಲು ನೋಡಿದೆ. ಮಲ್ಲು ನನ್ನ ಪುಸ್ತಕದ ಒಂದೊಂದು ಪುಟದ ಫೋಟೋ ತೆಗೆದು ಅದರಲ್ಲಿ ಹಾಕಿಕೊಟ್ಟ. ಎರಡು ಬೆರಳಿಂದ ಹಿಗ್ಗಿಸಿದರೆ ಅಕ್ಷರ ಬದನೆಕಾಯಿ ಗಾತ್ರ. ಕಣ್ಣಲ್ಲಿ ನೀರು ಬಂತು, ಸಂತೋಷದಿಂದ. ಆಮೇಲೂ ಬಂತು, ಅದು ಬೆಳಕು ಕುಕ್ಕಿ. ಹಿಗ್ಗಿಸಿದರೆ ಒಂದು ಸಾಲು ಪರದೆಯಲ್ಲಿ ಹಿಡಿಸುವುದಿಲ್ಲ, ಮೂರು ಸಲ ಎಳೆಯಬೇಕು. ಸಾಲಿನ ಕೊನೆ ಮುಟ್ಟಿ ಮತ್ತೆ ಮೊದಲಿಗೆ ಎಳೆದುಕೊಂಡು ಬರುವಷ್ಟರಲ್ಲಿ ಯಾವ ಸಾಲಿನಲ್ಲಿದ್ದೆ ಎಂಬುದೇ ತಪ್ಪುತ್ತದೆ. ಹಗಲಿನಲ್ಲಿ ಬಾಗಿಲ ಹತ್ತಿರ ಕೂತರೆ ಅಕ್ಷರದ ಮೇಲೆ ನನ್ನದೇ ಮುಖ. ನಡುನಡುವೆ ಟಿಣ್ ಎಂದು ಯಾವುದೋ ಸೀರೆಯ ಜಾಹೀರಾತು.

"ಅದನ್ನ ಬಂದ್ ಮಾಡಬೌದವ್ವ" ಅಂದ ಮಲ್ಲು.

"ಮಾಡ ಮತ್ತ."

"ಸಂಡೇ ಮಾಡ್ತೀನಿ."

ಎಷ್ಟು ಸಂಡೇ ಹೋದವೋ.

ಬೂದು ಪಾಟಿಯಲ್ಲಿ ಅವೇ ಫೋಟೋಗಳು ಒದ್ದೆ ಅರಿವೆಯಿಂದ ಒರೆಸಿದ ಹಾಗೆ ಮಸುಕು. ಹಿಗ್ಗಿಸಿದರೆ ಪರದೆ ಒಮ್ಮೆ ಕಪ್ಪಾಗಿ ಮಿಟುಕಿ, ಯೋಚನೆ ಮಾಡಿ, ಪುಟದ ಒಂದು ಮೂಲೆಯನ್ನು ತೋರಿಸುತ್ತದೆ. ಬೇಡವಾದ ಮೂಲೆ. ನಾನು ಅದನ್ನು ದಿಂಬಿನ ಮೇಲೆ ಎಸೆದು ಹೋದೆ. ಸುವರ್ಣಾ ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಒಂದು ಬೆಳಗ್ಗೆ ಸುವರ್ಣಾಳ ಮನೆಯ ಮಾಳಿಗೆಯ ಮೇಲೆ ಬಿಸಿಲಿಗೆ ಕೂತಿದ್ದೆ. ದೌಲತಾಬಾದಿನ ಕೋಟೆಯ ಕೆಳಗೆ ಅಳಿಯನ ಅಂಗಡಿ ಇದೆ, ಅಲ್ಲಿಂದ ತಂದ ಸೀತಾಫಲ ಹಣ್ಣಾಗಲು ಹರಡಿದ್ದೆವು. ನನಗೆ ಒಂದೂ ತಿನ್ನುವಂತಿಲ್ಲ, ಕಾಯುವ ಕೆಲಸ ಮಾತ್ರ. ಗೌರಿ ಬೂದು ಪಾಟಿಯಲ್ಲಿ ತನ್ನ ಇಂಗ್ಲಿಷ್ ಕಥೆ ಓದುತ್ತ ಬಂದು ಪಕ್ಕ ಕೂತಳು. ನೋಡಿ ದಂಗಾದೆ. ಅಷ್ಟು ಬಿಸಿಲಿನಲ್ಲಿ ಅಕ್ಷರ ಕಪ್ಪಗೆ, ಕದಲದೆ ನಿಂತಿವೆ. ದೊಡ್ಡದು ಮಾಡು ಅಂದೆ. ಮಾಡಿದಳು, ಸಾಲುಗಳು ತಾವೇ ಮುರಿದು ಮತ್ತೆ ಜೋಡಿಸಿಕೊಂಡವು. ಇನ್ನೂ ದೊಡ್ಡದು ಅಂದೆ, ಇನ್ನೂ ಮಾಡಿದಳು. ಎಳೆಯುವ ಕೆಲಸವೇ ಇಲ್ಲ. ನನಗೆ ಓದಲು ಬಾರದ ಭಾಷೆಯ ಅಕ್ಷರಗಳು ನನ್ನ ಕಣ್ಣಿಗೆ ಅಷ್ಟು ಸ್ಪಷ್ಟವಾಗಿ ಕಂಡವು.

"ನಂದ್ಯಾಕ ಹಿಂಗ ಇಲ್ಲ?"

"ನಿಂದು ಫೋಟೋ ಐತಿ ಅಜ್ಜಿ. ಇದು ಟೈಪ್ ಮಾಡಿದ್ದು. ಫೋಟೋದಾಗ ಅಕ್ಷರ ಜಾಗಾ ಬಿಟ್ಟು ಸರಿಯಂಗಿಲ್ಲ."

ಮೂರು ತಿಂಗಳು ಮಲ್ಲು, ಸುವರ್ಣಾ ಇಬ್ಬರೂ ಬಡಿದಾಡಿದರಲ್ಲ, ಈ ಒಂದು ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಯಾವ ಪಾಟಿ ಎನ್ನುವುದಕ್ಕಿಂತ ಮೊದಲು ಪುಸ್ತಕ ಯಾವ ರೂಪದಲ್ಲಿದೆ ಎಂದು ನೋಡಬೇಕಿತ್ತು. ಹಾಗಾದರೆ ಪುರಾಣವನ್ನು ಟೈಪ್ ಮಾಡಬೇಕು. ಯಾರು ಮಾಡಬೇಕು? ಮಲ್ಲುವೂ ಸುವರ್ಣಾಳೂ ಮರಾಠಿ ಸಾಲೆಯಲ್ಲಿ ಕಲಿತವರು. ಅಳಿಯನಿಗೂ ಬಾರದು. ಇಡೀ ಮನೆತನದಲ್ಲಿ ಕನ್ನಡ ಓದುವವಳು ಕಣ್ಣು ಕಾಣದ ನಾನೊಬ್ಬಳೇ. ಫೋನೇ ಫೋಟೋ ನೋಡಿ ಬರೆಯಲಿ ಎಂದು ಗೌರಿ ಪ್ರಯತ್ನಿಸಿದಳು, ಪುಸ್ತಕದ್ದು ಹಳೇ ಮೊಳೆಯ ಅಚ್ಚು, ಅರ್ಥವಿಲ್ಲದ ಬರೀ ಹೊಟ್ಟು ಬಂತು.

ಕೊನೆಗೆ ದಾರಿ ಹುಡುಕಿದವಳೂ ಅವಳೇ. ಬಣ್ಣದ ಪಾಟಿಯಲ್ಲಿ ಫೋಟೋ ಹಿಗ್ಗಿಸಿ ನಾನು ಒಂದೊಂದೇ ಮಾತು ನೋಡಿ ಹೇಳಬೇಕು. ಹೇಳಿದ್ದನ್ನು ಫೋನು ಬರೆದುಕೊಳ್ಳುತ್ತದೆ. ಫೋನು ಅದನ್ನು ತಿರುಗಿ ಓದಿ ಹೇಳಿದಾಗ ಎಲ್ಲಿ ತಪ್ಪಿತು ಎಂದು ಗೌರಿ ಕಿವಿಯಿಂದ ಹಿಡಿಯಬೇಕು. ಸರಿಯಾದದ್ದನ್ನು ಬೂದು ಪಾಟಿಗೆ ಹಾಕಬೇಕು. ಬೇಸಿಗೆ ರಜೆ ಪೂರ್ತಿ ಇದೇ ಕೆಲಸ. ಕಣ್ಣಿಗೆ ಬೆಳಕು ಕುಕ್ಕಿದಾಗ ನಿಲ್ಲಿಸುತ್ತಿದ್ದೆವು, ಸೂಜಿಯಾದ ದಿನ ಮುಟ್ಟುತ್ತಿರಲಿಲ್ಲ. ಫೋನಿಗೆ ನಾನು ಬೈದ ಬೈಗುಳವೂ ಒಂದೆರಡು ಕಡೆ ಪುರಾಣದೊಳಗೆ ಸೇರಿ, ಗೌರಿ ನಕ್ಕು ನಕ್ಕು ತೆಗೆದಳು. ಸೂಜಿ ತನ್ನ ಕೆಲಸ ಮಾಡಿತ್ತು, ಎಡಗಣ್ಣಿನ ಕಲೆ ತೆಳ್ಳಗಾಗಿತ್ತು.

ಹನ್ನೊಂದನೇ ಅಧ್ಯಾಯಕ್ಕೆ ಬಂದಾಗ ನನ್ನ ಬಾಯಿ ನಿಂತಿತು.

ಅದು ಹಾಲು ಮಾರುವ ಹೆಣ್ಣುಮಗಳ ಕಥೆ. ಗಂಡ ಬಿಟ್ಟು ಹೋಗುತ್ತಾನೆ, ಹಾಲು ಮಾರಿ ಮನೆ ಕಟ್ಟುತ್ತಾಳೆ, ಮುಪ್ಪಿನಲ್ಲಿ ರೋಗ ಹತ್ತಿಸಿಕೊಂಡು ತಿರುಗಿ ಬರುತ್ತಾನೆ. ಅವಳು ಅವನ ಕಾಲು ತೊಳೆದು ಒಳಗೆ ಕರೆದುಕೊಂಡಳು ಎಂದು ನಾನು ಎರಡು ಶ್ರಾವಣ ಓದಿದ್ದೆ. ಪುಸ್ತಕದಲ್ಲಿ ಹಾಗಿಲ್ಲ. ಹೊಸ್ತಿಲ ಹೊರಗೆ ಎಲೆ ಹಾಕಿ ಉಣ್ಣಲು ಬಡಿಸಿದಳು ಎಂದಿದೆ. ಉಂಡೆದ್ದ ಮೇಲೆ ಅವಳು ಹೇಳುವ ಮಾತೂ ಇದೆ: ಈ ಮನೆ ನನ್ನ ಹಾಲಿನಿಂದ ಎದ್ದದ್ದು, ಇಲ್ಲಿ ನಿನಗೆ ಅನ್ನ ಉಂಟು, ಅಧಿಕಾರವಿಲ್ಲ.

ಕಣ್ಣು ಚೆನ್ನಾಗಿದ್ದಾಗ ನಾನು ಇದನ್ನು ಇದ್ದ ಹಾಗೆಯೇ ಓದಿರಬೇಕು. ನೆನಪಿನಿಂದ ಹೇಳುವಾಗ ಬದಲಾಗಿದೆ. ಯಾಕೆ ಎಂದು ಯೋಚಿಸಿದರೆ ನಾಚಿಕೆಯಾಗುತ್ತದೆ. ನನ್ನ ಯಜಮಾನರು ಒಳ್ಳೆಯವರಿದ್ದರು. ಅವರು ಬಾಗಿಲಿಗೆ ತಿರುಗಿ ಬಂದರೆ ನಾನು ಕಾಲು ತೊಳೆದು ಒಳಗೆ ಕರೆಯುತ್ತಿದ್ದೆ. ಅವರು ಹೋದದ್ದು ತಿರುಗಿ ಬರುವ ಊರಿಗಲ್ಲ. ನನ್ನ ಆಸೆ ಹೋಗಿ ಪುರಾಣದೊಳಗೆ ಕೂತಿತ್ತು.

ಅಷ್ಟಕ್ಕೇ ಮುಗಿದಿದ್ದರೆ ದೇವರಲ್ಲಿ ತಪ್ಪು ಒಪ್ಪಿಕೊಂಡು ಬಿಡುತ್ತಿದ್ದೆ. ಆದರೆ ಕಾಶವ್ವ ಇದ್ದಾಳೆ. ನನ್ನ ಓದಿಗೆ ಎದುರು ಕೂತು ಮಾತಿಗೊಮ್ಮೆ ಹೂಂ ಅನ್ನುವವಳು. ಅವಳ ಗಂಡ ಭೀಮಪ್ಪ ಸೂರತ್ ಕಡೆ ಕೆಲಸಕ್ಕೆಂದು ಹೋಗಿ ಒಂಬತ್ತು ವರ್ಷ ಸುದ್ದಿ ಇರಲಿಲ್ಲ. ನನ್ನ ಮೊದಲ ಸೂಜಿಯಾದ ಮೇಲೆ, ದೀಪಾವಳಿಯ ಹೊತ್ತಿಗೆ, ಕೆಮ್ಮುತ್ತ ಬಂದು ಬಾಗಿಲಲ್ಲಿ ನಿಂತ. ಓಣಿಯೆಲ್ಲ ಬೇಡ ಅಂದರೂ ಕಾಶವ್ವ ಒಳಗೆ ಕರೆದುಕೊಂಡಳು. "ಪುರಾಣದಾಗಿನಾಕಿ ಕಾಲ ತೊಳದು ಕರಕೊಂಡಾಳ. ನಾ ಯಾವ ದೊಡ್ಡಾಕಿ" ಅಂದಳು. ಅಂದಿನಿಂದ ಆತ ಮಂಚದ ಮೇಲೆ ಕೂತು ಚಹಾ ಕೇಳುತ್ತಾನೆ, ಉಪ್ಪು ಹೆಚ್ಚಾಯಿತು ಅನ್ನುತ್ತಾನೆ, ಅವಳು ಮನೆಗೆಲಸ ಮಾಡಿ ತಂದದ್ದನ್ನು ಕೇಳದೆ ತೆಗೆದುಕೊಳ್ಳುತ್ತಾನೆ.

ಪರದೆಯ ಮೇಲೆ ಆ ಸಾಲು ಬದನೆಕಾಯಿ ಗಾತ್ರದಲ್ಲಿ ನಿಂತಿತ್ತು. ಫೋನು ನನ್ನ ಮಾತಿಗೆ ಕಾಯುತ್ತಿತ್ತು. ನನ್ನ ಕಥೆಯನ್ನೇ ಹೇಳಿಬಿಟ್ಟರೆ ಅದೇ ಬರೆದುಕೊಳ್ಳುತ್ತದೆ, ಅದೇ ಪುರಾಣವಾಗುತ್ತದೆ. ಓಣಿಯಲ್ಲಿ ಓದಿ ನೋಡುವವರು ಯಾರಿದ್ದಾರೆ? ಎರಡು ವರ್ಷ ಕಣ್ಣು ಕಾಣದೆ ನಾಟಕ ಮಾಡಿದೆ ಎಂದು ಹೇಳುವ ಕೆಲಸವೂ ತಪ್ಪುತ್ತದೆ. ಮಾತು ಬಾಯಿಗೆ ಬಂದೂ ಬಂತು.

ಗೌರಿ ನನ್ನ ಮುಖ ನೋಡಿದಳು. "ಅಜ್ಜಿ, ತಡಿ. ಏನಾತು?"

ಹೇಳಿದೆ. ಎಲ್ಲವನ್ನೂ ಹೇಳಿದೆ. ಅವಳು ಕಾಲ ಬೆರಳು ಎಳೆಯುತ್ತ ಕೇಳಿದಳು.

"ತಪ್ಪು ಹೇಳಿದ್ರ ನಾ ಹ್ಯಾಂಗ ಹಿಡೀಲಿ ಅಜ್ಜಿ? ನನಗ ನಿನ್ನ ಬಾಯಾಗಿಂದಷ್ಟ ಗೊತ್ತು."

ಅವಳಿಗೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. ಅಚ್ಚಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಫೋನು ಬರೆದುಕೊಂಡಿತು.

ಯಾರಾದರೂ ಯಾವ ಪಾಟಿ ಕೊಳ್ಳಬೇಕು ಎಂದು ಕೇಳಿದರೆ ಇಷ್ಟೇ ಹೇಳುತ್ತೇನೆ. ಮಕ್ಕಳ ಮಾತು ಕೇಳಬೇಡಿ. ನೀವು ಓದುವ ಪುಸ್ತಕ, ಓದುವ ಹೊತ್ತು, ಕೂರುವ ಜಾಗ, ಮೂರನ್ನೂ ಇಟ್ಟುಕೊಂಡು ಎರಡರಲ್ಲೂ ಒಂದೊಂದು ಪುಟ ಗಟ್ಟಿಯಾಗಿ ಓದಿ ನೋಡಿ. ಒಂದೊಂದೇ ಅಕ್ಷರ ಬಿಡಿಸಿ ನೋಡುವುದಕ್ಕೆ ನನಗೆ ಬಣ್ಣದ್ದು ಬೇಕಾಯಿತು. ತಡವರಿಸದೆ ಓದುವುದಕ್ಕೆ ಬೂದು ಪಾಟಿ. ಬಣ್ಣದ್ದನ್ನು ಮಲ್ಲುವಿಗೆ ತಿರುಗಿ ಕೊಟ್ಟೆ. ಅವನು ಈಗ ಅದರಲ್ಲಿ ಕ್ರಿಕೆಟ್ ನೋಡುತ್ತಾನೆ, ಅಕ್ಕನ ಹತ್ತಿರ ಮಾತ್ರ ಕಾರ್ಖಾನೆಯ ಕೆಲಸಕ್ಕೆ ಬೇಕು ಅನ್ನುತ್ತಾನೆ.

ಈ ಸಲದ ಶ್ರಾವಣ ಬಂತು. ಮೊದಲ ದಿನ ಬೂದು ಪಾಟಿಯನ್ನು ಪುಸ್ತಕದ ಪೀಠದ ಮೇಲೆ ಇಟ್ಟೆ, ವಿಭೂತಿ ಹಚ್ಚಬೇಡ ಎಂದು ಗೌರಿ ಫೋನಿನಲ್ಲಿ ಆಣೆ ಹಾಕಿಸಿದ್ದಳು. ಹೂ ಮಾತ್ರ ಏರಿಸಿದೆ. ಆದರೆ ಇನ್ನೊಂದು ಪದ್ಧತಿ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ನಮ್ಮಲ್ಲಿ ಪುರಾಣ ಕೇಳಲು ಬಂದವರು ಕೂರುವ ಮೊದಲು ಪುಸ್ತಕವನ್ನು ಬೆರಳಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಕಾಶವ್ವ ಮುಟ್ಟಿದಳು, ಪುಟ ತಿರುಗಿತು. ಹಿಂದಿನವಳು ಮುಟ್ಟಿದಳು, ಇನ್ನೊಂದು ತಿರುಗಿತು. ಹನ್ನೆರಡು ಜನ ಕಣ್ಣಿಗೆ ಒತ್ತಿಕೊಂಡು ಕೂರುವಷ್ಟರಲ್ಲಿ ಗಣಪತಿಯ ಸ್ತುತಿ ದಾಟಿ ಎಲ್ಲೋ ಕಾಡಿನ ನಡುವೆ ಹೋಗಿ ನಿಂತಿತ್ತು. ಹಿಂದಕ್ಕೆ ತರುವಾಗ ನನಗೆ ಬೆವರು ಬಂತು.

ಮಲ್ಲುವಿಗೆ ಭಾಳ ಖುಷಿ. "ಟ್ಯಾಬ್ ಇದ್ದಿದ್ರ ಹಿಂಗ ಆಗತಿರಲಿಲ್ಲವ್ವ."

"ಹೌದಪ್ಪ. ಮೊದಲನೇದಾಕಿ ಮುಟ್ಟೂದ್ರಾಗ ನಿಮ್ಮ ಸಾಹೇಬರಿಗೆ ಫೋನ್ ಹತ್ತತಿತ್ತು."

ಮರುದಿನದಿಂದ ಹಳೇ ಪುಸ್ತಕವನ್ನು ಮುಂದೆ ಇಟ್ಟು, ಪಾಟಿಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಮುಟ್ಟುವವರು ಅದನ್ನು ಮುಟ್ಟಿದರು, ಓದುವವಳು ನಾನು ಇದನ್ನು ಓದಿದೆ. ಏನೆಂದು ಹೇಳಲಿ ಆ ಸುಖವನ್ನು. ಅಕ್ಷರ ನಿಂತಿವೆ, ಸಾಲು ನಿಂತಿದೆ, ನನ್ನ ಬಾಯಿ ಕಣ್ಣಿನ ಹಿಂದೆ ಹೋಗುತ್ತಿದೆ. ಎಷ್ಟೋ ಮಾತುಗಳನ್ನು ಎರಡು ವರ್ಷದ ಮೇಲೆ ಮತ್ತೆ ಕಂಡೆ.

ಹನ್ನೊಂದನೇ ದಿನ ಓದುವ ಮೊದಲು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಎರಡು ವರ್ಷ ನನಗೆ ಕಣ್ಣು ಕಾಣುತ್ತಿರಲಿಲ್ಲ, ನೆನಪಿನಿಂದ ಹೇಳಿದೆ, ಇವತ್ತಿನ ಕಥೆಯನ್ನು ತಪ್ಪಾಗಿ ಹೇಳಿದ್ದೆ ಎಂದೆ. ಕಾಶವ್ವನ ಕಡೆ ನೋಡಲಿಲ್ಲ. ಕನ್ನಡಕ ಹಾಕಿಕೊಂಡು ಓದಿದೆ. ಹೊಸ್ತಿಲ ಮಾತು ಬಂದಾಗ ಹೂಂ ಬರಲಿಲ್ಲ. ಅನ್ನ ಉಂಟು, ಅಧಿಕಾರವಿಲ್ಲ ಎನ್ನುವಲ್ಲಿಯೂ ಬರಲಿಲ್ಲ. ಮಂಗಳಾರತಿಯಾದ ಮೇಲೆ ಎಲ್ಲರೂ ಎದ್ದರು. ಕಾಶವ್ವ ಬಾಗಿಲವರೆಗೆ ಹೋಗಿ ನಿಂತಳು.

"ಅಕ್ಕಾರ, ಇದನ್ನ ಹೋದ ವರ್ಷ ಓದಿದ್ರ ನಾ ಬಾಗಲಾ ತಗೀತಿದ್ದಿಲ್ರಿ."

"ತಪ್ಪಾತು ಕಾಶವ್ವ."

ಅವಳು ಚಪ್ಪಲಿ ಮೆಟ್ಟಿಕೊಂಡು ಹೋದಳು. ಆ ಸಂಜೆ ನನಗೆ ಊಟ ಸೇರಲಿಲ್ಲ. ಸುವರ್ಣಾ ಫೋನು ಮಾಡಿ ಸಕ್ಕರೆ ಮಾತ್ರೆ ನುಂಗಿದ ಮೇಲೆ ಉಪವಾಸ ಇರಬಾರದು ಎಂದು ಕೂಗಾಡಿದಳು.

ಮರುದಿನ ನಾಲ್ಕು ಗಂಟೆಗೆ ಎಲ್ಲರಿಗಿಂತ ಮೊದಲು ಬಂದವಳು ಕಾಶವ್ವ. ಬಂದು ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಳು.

"ನಿನ್ನೆ ಹೊರಗ ಕಟ್ಟಿ ಮ್ಯಾಲ ತಾಟ ಕೊಟ್ಟೆರಿ. ಇದ್ಯಾಕ ಅಂದ್ರು. ಪುರಾಣದಾಗ ಹಂಗೈತಿ ಅಂದೆ."

"ಆಮ್ಯಾಲ?"

"ಉಂಡ್ರು. ಉಂಡು ತಾಟ ತೊಳದಿಟ್ರು. ನಾ ಹೇಳಿದ್ದಿಲ್ಲರಿ." ಸೆರಗು ಸರಿಮಾಡಿಕೊಂಡು ಮುಂದುವರಿಸಿದಳು. "ಅಕ್ಕಾರ, ಎರಡು ವರ್ಷ ನೀವು ಕಟ್ಟಿದ ಕಥಿ ಹೇಳೀರಿ. ಇಪ್ಪತ್ತೊಂದು ಮುಗೀಲಿ. ಮುಗದ ಮ್ಯಾಲ ಮತ್ತ ಮೊದಲಿಂದ ಎರಡು ಸಲ ಓದ್ರಿ. ಇನ್ನೂ ಎಲ್ಲೆಲ್ಲಿ ಕಾಲ ತೊಳಸೀರಿ ನೋಡೂಣು."

ಉಳಿದವರು ಹೌದ್ರಿ ಹೌದ್ರಿ ಅಂದರು. ಒಬ್ಬಳಂತೂ ತನ್ನ ಸೊಸೆಯ ವಿಷಯದಲ್ಲೂ ಒಂದು ಅಧ್ಯಾಯದ ಮೇಲೆ ಸಂಶಯವಿದೆ ಅಂದಳು.

ಹೀಗಾಗಿ ಶ್ರಾವಣ ಮುಗಿದು ಗಣಪತಿ ಕೂತರೂ ನಮ್ಮ ಓದು ನಿಂತಿಲ್ಲ. ಮುಂದಿನ ಸೂಜಿಗೆ ಬೆಳಗಿನ ಬಸ್ಸಿಗೆ ಹೋಗಿ ಮರುದಿನ ನಾಲ್ಕರೊಳಗೆ ತಿರುಗಿ ಬರಬೇಕಂತೆ, ಅದು ಓಣಿಯ ತೀರ್ಮಾನ. ಪಟ್ಟಿ ಕಟ್ಟಿದ ಕಣ್ಣಿನಲ್ಲಿ ಓದಲಾಗದು ಎಂದು ಸುವರ್ಣಾ ಫೋನಿನಲ್ಲಿ ಕಾಶವ್ವನ ಜೊತೆ ಜಗಳ ಮಾಡಿ ಸೋತಿದ್ದಾಳೆ. ನನ್ನನ್ನು ಈಗಲೂ ಯಾರೂ ಕೇಳಿಲ್ಲ.

ನಿನ್ನೆ ಎರಡನೇ ಸುತ್ತಿನ ಆರನೇ ಅಧ್ಯಾಯ. ಓದುವಾಗ ಬಾಗಿಲ ಹೊರಗೆ, ಚಪ್ಪಲಿಗಳ ಆಚೆ, ಭೀಮಪ್ಪ ಬಂದು ಕೂತಿದ್ದ. ಕೆಮ್ಮು ಬಂದರೆ ಬಾಯಿಗೆ ಟವಲು ಒತ್ತಿಕೊಳ್ಳುತ್ತಾನೆ. ನಾನು ಪುಟ ತಿರುಗಿಸಿದಾಗಲೆಲ್ಲ ಕತ್ತು ಉದ್ದ ಮಾಡಿ ನನ್ನ ತೊಡೆಯ ಮೇಲಿನ ಬೂದು ಪಾಟಿಯನ್ನು ನೋಡುತ್ತಾನೆ, ಮುಂದೆ ಏನು ಬರೆದಿದೆಯೋ ಎಂದು. ಕಾಶವ್ವ ಹಿಂದಕ್ಕೆ ತಿರುಗಿ ನೋಡುವುದಿಲ್ಲ. ಮಾತಿಗೊಮ್ಮೆ ಹೂಂ ಅನ್ನುತ್ತಾಳೆ, ಮೊದಲಿಗಿಂತ ಗಟ್ಟಿಯಾಗಿ, ಹೊರಗೆ ಕೇಳಿಸುವ ಹಾಗೆ.